ಚಪ್ಪರ ಎಡಕ್ಕೇ ಇರಲಿ, ತಂಗಿ

ತಂಗಿ, ನಿನ್ನ ಸಂದೇಶವನ್ನು ಬೆಳಗ್ಗೆಯೇ ನೋಡಿದೆ. ಬರೆಯುತ್ತ ಕುಳಿತರೆ ನನ್ನ ಕಣ್ಣಿಗೆ ಮಧ್ಯಾಹ್ನವಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಹಿಂದಿನಿಂದ ಗಡಗಡ ಎಂದು ಕೇಳಿಸುವುದು ಅಡಿಕೆ ಸುಲಿಯುವ ಯಂತ್ರ. ಅದನ್ನು ನಿಲ್ಲಿಸು ಎಂದರೆ ನಿಮ್ಮ ದೊಡ್ಡಮ್ಮ ನನ್ನನ್ನೇ ನಿಲ್ಲಿಸುತ್ತಾಳೆ.

ಮನೆಯ ಗುಂಪಿನಲ್ಲಿರುವ ಉಳಿದವರೂ ಕೇಳಿ. ಇವಳು ಕೇಳಿದ್ದು ಇಷ್ಟು: ಅವರ ಜಿಮ್ನಿ ಗಾಡಿಗೆ ಆನಿಂಗ್, ಅಂದರೆ ಚಾವಣಿಯಿಂದ ಎಳೆದು ಬಿಡಿಸುವ ಬಟ್ಟೆಯ ನೆರಳು, ಹಾಕಿಸಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಬಲಬದಿಗೆ ಹಾಕುವಂಥದ್ದು ಒಂದೇ ಒಂದು ಉಳಿದಿದೆ, ಕಡಿಮೆ ಬೆಲೆಗೆ ಕೊಡುತ್ತಾರೆ. ಅಳಿಯಂದಿರು, ಇವಳ ಗಂಡ, ಹಿಂದುಗಡೆ ಕಟ್ಟಿಸೋಣ ಎನ್ನುತ್ತಾರೆ. ಮಗುವನ್ನು ಕರೆದುಕೊಂಡು ಓಡಾಡುವುದು, ಹೆದರಿಕೆಯಾಗುತ್ತಿದೆ, ಯಾವ ಬದಿ ಸರಿ? ನಾಳೆ ಹತ್ತು ಗಂಟೆಗೆ ಗಾಡಿ ಅಲ್ಲಿರಬೇಕಂತೆ. ಹನ್ನೊಂದು ಜನ ಇದಕ್ಕೆ ಹೆಬ್ಬೆರಳು ಎತ್ತಿದ್ದೀರಿ, ಉತ್ತರ ಒಬ್ಬರದೂ ಇಲ್ಲ.

ನಮ್ಮ ಜೀಪಿನ ಕತೆ ನಿಮಗೆಲ್ಲ ಗೊತ್ತು. ಗೊತ್ತಿದ್ದರೂ ಯಾರೂ ಪೂರ್ತಿ ಕೇಳಿಲ್ಲ. 1988ರ ಮೇ ತಿಂಗಳು, ಕುಮಟೆಯ ಭಾವನ ಮನೆಯಲ್ಲಿ ಉಪನಯನ ಮುಗಿಸಿ ಶಿರಸಿಗೆ ಹಿಂತಿರುಗುತ್ತಿದ್ದೆವು. ಜೀಪಿನ ಚಾವಣಿಯ ಅಂಚಿಗೆ ಕೊಳವೆ ಬೆಸೆಸಿ, ಬೇಕಾದಾಗ ತಾಡಪತ್ರಿ ಎಳೆದು ಎರಡು ಬಿದಿರಿನ ಗಳಕ್ಕೆ ಕಟ್ಟುವ ಹಾಗೆ ಮಾಡಿಸಿದ್ದೆ. ನಿಮ್ಮ ಆನಿಂಗ್ ಅಂದರೆ ಅದೇ, ನಾವು ಚಪ್ಪರ ಎನ್ನುತ್ತಿದ್ದೆವು. ಬಲಬದಿಗೇ ಏಕೆ ಮಾಡಿಸಿದೆ ಎಂದು ಕೇಳಿ. ಗ್ಯಾರೇಜಿನವನು ಜೀಪಿನ ಎಡಬದಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿಕೊಂಡಿದ್ದ. ತಿರುಗಿಸಿ ನಿಲ್ಲಿಸಲು ಅವನಿಗೆ ಆಲಸ್ಯ, ತಿರುಗಿಸು ಎನ್ನಲು ನನಗೆ ಸಂಕೋಚ. ಕಾರಣ ಅಷ್ಟೇ, ಬೇರೇನೂ ಇಲ್ಲ.

ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ರೇಡಿಯೇಟರ್ ಕುದಿಯಿತು. ಎಡಕ್ಕೆ ನಿಲ್ಲಿಸಿದೆ. ಅಷ್ಟರಲ್ಲಿ ದೊಡ್ಡ ಹನಿಯ ಮಳೆ. ಎಡಬದಿಯಲ್ಲಿ ಮೂರು ಮಾರು ಹುಲ್ಲಿನ ಜಾಗವಿತ್ತು, ಆದರೆ ಚಪ್ಪರ ಇದ್ದದ್ದು ಬಲಕ್ಕೆ, ಟಾರಿನ ಮೇಲೆ. ಬಿಡಿಸಿದೆವು. ಆಯಿ, ಅಂದರೆ ನಮ್ಮ ಅಮ್ಮ, ಒಂದು ಗಳದ ಬುಡದಲ್ಲಿ ಕುಳಿತಳು. ಪಕ್ಕದಲ್ಲಿ ದೊಡ್ಡಣ್ಣನ ಮನೆಯ ತಾಮ್ರದ ಕೊಪ್ಪರಿಗೆ, ಅದರೊಳಗೆ ನಿನ್ನ ಅಣ್ಣ, ಈಗ ಪುಣೆಯಲ್ಲಿ ಇರುವವನು, ಒಂದೂವರೆ ವರ್ಷದ ಮಾಣಿ. ಅವನಿಗೆ ಅದೇ ತೊಟ್ಟಿಲು.

ಕೆಳಗಿನಿಂದ ಸಾಣಿಕಟ್ಟೆಯ ಉಪ್ಪಿನ ಲಾರಿ ಏರುತ್ತಿತ್ತು, ನಡೆದುಕೊಂಡು ಬಂದಷ್ಟೇ ನಿಧಾನ. ಏನೂ ಭಯವಿಲ್ಲ ಎಂದುಕೊಂಡೆ. ಆದರೆ ಮೇಲಿನ ತಿರುವಿನಿಂದ ಒಂದು ಬಸ್ ಇಳಿಯಿತು. ಲಾರಿಯವನು ಪಾಪ ಎಲ್ಲಿಗೆ ಹೋಗಬೇಕು? ನಮ್ಮ ಕಡೆಗೇ ಒತ್ತಿದ. ಹಗ್ಗ ಬಿಗಿಯಲು ಲಾರಿಯ ಬದಿಯಲ್ಲಿ ಕಬ್ಬಿಣದ ಕೊಕ್ಕೆಗಳಿರುತ್ತವಲ್ಲ, ಅದರಲ್ಲೊಂದು ತಾಡಪತ್ರಿಯ ತುದಿಗೆ ಸಿಕ್ಕಿಕೊಂಡಿತು. ಮಾಣಿ ಅತ್ತನೆಂದು ಆಯಿ ಆಗಷ್ಟೇ ಅವನನ್ನು ಎತ್ತಿಕೊಂಡು ಹುಲ್ಲಿನ ಕಡೆಗೆ ಹೋಗಿದ್ದಳು. ಗಳ ಕಿತ್ತು ಅವಳು ಕುಳಿತಿದ್ದ ಜಾಗದ ಮೇಲೆ ಬೀಸಿಹೋಯಿತು. ಕೊಪ್ಪರಿಗೆ ಉರುಳಿ ಲಾರಿಯ ಹಿಂದಿನ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತೇನೆ, ರಸ್ತೆಯ ಕಡೆಗೆ ಚಪ್ಪರ ಬಿಡಿಸಬೇಡಿ. ನಮ್ಮಲ್ಲಿ ಗಾಡಿ ಎಡಕ್ಕೆ ನಿಲ್ಲುತ್ತದೆ, ಜನ ಎಡಕ್ಕೆ ಇಳಿಯಬೇಕು, ಒಲೆ, ಕುರ್ಚಿ, ಮಗು ಎಲ್ಲ ಎಡಕ್ಕೇ ಇರಬೇಕು. ಆ ಅಂಗಡಿಯ ಬಲಬದಿಯದು ಅಮೆರಿಕದಂಥ ಕಡೆಗೆ ಸರಿ, ಅಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ. ಮೂಲೆ ಸುತ್ತಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ದೊಡ್ಡ ಆನಿಂಗ್‌ಗಳಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ತಿರುಗಿಸಿ ಹಾಕಿಕೊಡುತ್ತೇವೆ ಎಂದರೆ ನಂಬಬೇಡ. ಎರಡನೆಯ ಸಲ ಹೇಳುತ್ತಿದ್ದೇನೆ, ರಸ್ತೆಯ ಕಡೆಗೆ ಬೇಡ.

ಆಮೇಲೆ ಆದದ್ದನ್ನೂ ಹೇಳಿಬಿಡುತ್ತೇನೆ. ಆಯಿ ಬದುಕಿದಳು, ಮಾಣಿ ಬದುಕಿದ. ಮನೆಗೆ ಬಂದರೆ ಮೊದಲು ಕೇಳಿದ್ದು ಏನು? ಕೊಪ್ಪರಿಗೆ ಎಲ್ಲಿ ಎಂದು! ಹಿಸೆಯಾಗುವಾಗ ನನ್ನ ಪಾಲಿನ ಪಾತ್ರೆಗಳಲ್ಲಿ ಒಂದು ಹಂಡೆ, ಎರಡು ದೊಡ್ಡ ತಪ್ಪಲೆ ಕಡಿಮೆ. ಏಕೆ ಎಂದರೆ ಕೊಪ್ಪರಿಗೆಯ ಲೆಕ್ಕವಂತೆ. ಅಪ್ಪಚ್ಚಿಯಾದ ತಾಮ್ರವನ್ನು ನಾನೇ ಹೊತ್ತು ತಂದಿದ್ದೆ, ತಾಮ್ರಕ್ಕೂ ಬೆಲೆ ಇದೆಯಲ್ಲ, ಅದು ಯಾರ ಲೆಕ್ಕಕ್ಕೆ ಹೋಯಿತು? ಕೇಳಿದವರಿಲ್ಲ. ಜೀಪನ್ನು ಮಾರುವಾಗಲೂ ನನ್ನನ್ನು ಕೇಳಲಿಲ್ಲ. ನಾನು ಕಣ್ಣಿನ ಆಪರೇಷನ್‌ಗೆ ಹೋಗಿ ಬರುವಷ್ಟರಲ್ಲಿ ಕೊಟ್ಟಿಗೆಯ ಪಕ್ಕ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಇರಲಿ. ದೊಡ್ಡಣ್ಣ ಈ ಗುಂಪಿನಲ್ಲಿ ಇದ್ದಾನೆ, ಕೇಳಲಿ ಎಂದೇ ಹೇಳುತ್ತಿದ್ದೇನೆ.

ಎಲ್ಲಿದ್ದೆ? ಹಾಂ, ಅಳಿಯಂದಿರ ಮಾತು. ಅವರಿಗೆ ಬೇಸರ ಬೇಡ, ಹಿಂದೆ ಕಟ್ಟುವುದರಲ್ಲೂ ಅರ್ಥವಿದೆ. ಆದರೆ ಜಿಮ್ನಿಯ ಅಗಲವೇ 1645 ಮಿಲಿಮೀಟರ್, ನೆರಳೂ ಅಷ್ಟೇ ಸಿಗುತ್ತದೆ. ಹಿಂಬಾಗಿಲು ಸ್ಟೆಪ್ನಿಯನ್ನು ಹೊತ್ತುಕೊಂಡು ಬಲಕ್ಕೆ ತೆರೆದುಕೊಳ್ಳುತ್ತದೆ, ಕಂಬಕ್ಕೆ ತಾಗದೆ ಇರುವುದಿಲ್ಲ. ಎಡಬದಿಗೆ ಚಪ್ಪರವಿದ್ದರೆ ಅದರ ಕೆಳಗಿನಿಂದಲೇ ನಾಲ್ಕು ಹೆಜ್ಜೆ ಇಟ್ಟು ಹಿಂದಿನ ಸಾಮಾನು ತೆಗೆಯಬಹುದು, ಬಾಗಿಲು ಅಡ್ಡ ಬರುವುದಿಲ್ಲ.

ಈಗ ನಾಳೆ ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು. ಆನಿಂಗ್ ಕ್ಯಾರಿಯರ್‌ನ ಅಡ್ಡಪಟ್ಟಿಗೆ ಕೂರಬೇಕು, ಚಾವಣಿಯ ತಗಡಿಗೆ ತೂತು ಕೊರೆಸಬೇಡ. ಎಷ್ಟು ಮೇಣ ಮೆತ್ತಿದರೂ ನಮ್ಮ ಮಳೆಗೆ ಅದು ತಡೆಯುವುದಿಲ್ಲ. ಎರಡು ಬ್ರಾಕೆಟ್‌ಗಳ ನಡುವೆ ಸಾಕಷ್ಟು ಅಂತರವಿರಲಿ. ಬೋಲ್ಟು, ನಟ್ಟು, ವಾಷರ್ ಎಲ್ಲವೂ ಸ್ಟೇನ್‌ಲೆಸ್ ಆಗಿರಲಿ, ಕಾರವಾರದ ಉಪ್ಪುಗಾಳಿ ಬರಿಯ ಕಬ್ಬಿಣವನ್ನು ಒಂದೇ ಮಳೆಗಾಲದಲ್ಲಿ ತಿನ್ನುತ್ತದೆ. ಬಿಗಿಯುವ ಮೊದಲು ಎಡಬದಿಯ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದು ನೋಡು, ಮೇಲಿನ ಅಂಚು ಆನಿಂಗ್ ಡಬ್ಬಿಗೆ ಉಜ್ಜಬಾರದು. ನೇರ ಎಳೆಯುವ ಸಣ್ಣದು ಹತ್ತು ಹದಿನೈದು ಕಿಲೋ, ಮೂಲೆ ಸುತ್ತುವುದು ಇಪ್ಪತ್ತನ್ನು ದಾಟುತ್ತದೆ. ಚಾವಣಿ ಎಷ್ಟು ಹೊರುತ್ತದೆ ಎಂದು ಗಾಡಿಯ ಕೈಪಿಡಿಯಲ್ಲಿ ಇರುತ್ತದೆ, ಆ ಲೆಕ್ಕದಲ್ಲಿ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ನಿಮಗೆ ಸಣ್ಣದೇ ಸಾಕು.

ಸಮುದ್ರದ ದಂಡೆಯಲ್ಲಿ ಗಾಡಿಯ ಮೂತಿ ದಕ್ಷಿಣಕ್ಕೆ, ಅಂಕೋಲೆಯ ಕಡೆಗೆ ಇರಲಿ. ಆಗ ಎಡಬದಿ ಪೂರ್ವಕ್ಕೆ ಬರುತ್ತದೆ, ಮಧ್ಯಾಹ್ನದ ಪಡುಗಾಳಿಗೂ ಇಳಿಬಿಸಿಲಿಗೂ ಗಾಡಿಯೇ ಗೋಡೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಅಕ್ಕಿ ಚೀಲಕ್ಕೆ ಮರಳು ತುಂಬಿ ಹೂತು ಅದಕ್ಕೆ ಹಗ್ಗ ಕಟ್ಟು. ಗಾಳಿ ಜೋರಾದರೆ ಹಗ್ಗ ಬಿಗಿಯುತ್ತ ಕೂರದೆ ಮಡಚಿಬಿಡು. ಮಳೆಯಲ್ಲಿ ಒಂದು ಕಾಲನ್ನು ತಗ್ಗಿಸು, ಇಲ್ಲದಿದ್ದರೆ ಬಟ್ಟೆಯ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬೂಷ್ಟು.

ಒಂದು ಮಾತು ಮರೆತಿದ್ದೆ. ಕಾರವಾರದಿಂದ ಅಂಕೋಲೆಯ ಕಡೆಗೆ ಬರುವಾಗ ಎಡಬದಿ ಎಂದರೆ ಗುಡ್ಡದ ಬದಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಎಡವೂ ಬೇಡ, ಬಲವೂ ಬೇಡ, ನಿಲ್ಲಿಸುವುದೇ ಬೇಡ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದಂಗಡಿಗೆ ಏನಾಯಿತು ಎಂದು ನಾನು ಹೇಳಬೇಕಾಗಿಲ್ಲ.

ಅಂಗಡಿಯವರಿಗೆ ಈಗಲೇ ಫೋನ್ ಮಾಡಿ ಬಲಬದಿಯದು ಬೇಡ ಎಂದುಬಿಡು. ಮುಂಗಡ ಕೊಟ್ಟಿದ್ದರೆ ಅಳಿಯಂದಿರೇ ಮಾತಾಡಲಿ. ಮುಗಿದ ಮೇಲೆ ಗಾಡಿ ತೆಗೆದುಕೊಂಡು ಇಲ್ಲಿಗೇ ಬನ್ನಿ, ನಾನೂ ಒಮ್ಮೆ ನಟ್ಟು ಬಿಗಿದು ನೋಡುತ್ತೇನೆ. ಬರುವಾಗ ಆ ತಾಮ್ರ ಯಾರ ಮನೆಯ ಅಟ್ಟದಲ್ಲಿದೆ ಎಂದು ನಿನ್ನ ಅಪ್ಪನನ್ನು ಕೇಳಿಕೊಂಡು ಬಾ.