ಭುಜದ ಆಪರೇಷನ್ ನಂತರ ಮೂಳೆಯಲ್ಲಿ ಸಿಸ್ಟ್: ಆನ್‌ಲೈನ್ ಗುಂಪಿನಲ್ಲಿ ಕಲಬುರಗಿಯ ಮೂಳೆ ವೈದ್ಯರೊಂದಿಗೆ ಪ್ರಶ್ನೋತ್ತರ

ಶಹಾಪುರದ ಮಾಸ್ತರ್: ಡಾಕ್ಟರ್ ಸಾಹೇಬರೇ, ನಮಸ್ಕಾರ. ಬೈಕಿನಿಂದ ಬಿದ್ದು ಬಲ ಭುಜದ ಸ್ನಾಯುರಜ್ಜು ಹರಿದಿತ್ತು. 14 ತಿಂಗಳ ಹಿಂದೆ ಕೀಹೋಲ್ ಆಪರೇಷನ್ ಮಾಡಿ, ಕರಗುವ ಆಂಕರ್ ಎರಡು ಹಾಕಿ ಹೊಲಿದಿದ್ದಾರೆ. ಈಗ ಕಪ್ಪು ಹಲಗೆಯ ಮೇಲಿನ ಸಾಲಿನವರೆಗೂ ಕೈ ಏಳುತ್ತದೆ, ನೋವಿಲ್ಲ. ಆದರೆ ಮೊನ್ನೆಯ ಎಂಆರ್‌ಐ ವರದಿಯಲ್ಲಿ ‘ಆಂಕರ್ ಸುತ್ತ ಮೂಳೆಯಲ್ಲಿ ಸಿಸ್ಟ್, 6 ಮಿ.ಮೀ.’ ಎಂದಿದೆ. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಇದು ಗಡ್ಡೆಯೇ?

ವೈದ್ಯರು: ಗಡ್ಡೆಯಲ್ಲ ಮಾಸ್ತರೇ, ನಿದ್ದೆ ಮಾಡಿ. ಆಂಕರ್ ಎಂದರೆ ಮೂಳೆಯಲ್ಲಿ ಕೊರೆದ ರಂಧ್ರಕ್ಕೆ ಕೂರಿಸುವ ಸಣ್ಣ ಗೂಟ. ಅದರ ದಾರದಿಂದ ಹರಿದ ರಜ್ಜುವನ್ನು ಮೂಳೆಗೆ ಬಿಗಿಯುತ್ತೇವೆ. ಕರಗುವ ಗೂಟಗಳಲ್ಲಿ ಹೆಚ್ಚಿನವು ಪಾಲಿಲ್ಯಾಕ್ಟಿಕ್ ಆಮ್ಲದವು. ಅದು ನೀರಿನಂಶ ತಾಗಿ ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಮೈಯಲ್ಲಿ ಕೊನೆಗೆ ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಹೋಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಈ ನಡುವೆ ಗೂಟದ ಸುತ್ತಲಿನ ಮೂಳೆ ಸ್ವಲ್ಪ ಸವೆದು ಅಲ್ಲಿ ನೀರು ತುಂಬುವುದುಂಟು. ಕೀಲಿನ ನೀರು ರಂಧ್ರದೊಳಗೆ ಇಳಿಯುವುದೂ ಉಂಟು. ಎಂಆರ್‌ಐಯಲ್ಲಿ ಬೆಳ್ಳಗೆ ಕಾಣುವುದು ಆ ನೀರೇ, ಸಿಸ್ಟ್ ಎಂದರೆ ಆ ನೀರಿನ ಗೂಡು. ಸಿಸ್ಟ್ ಇದೆ ಎಂದ ಮಾತ್ರಕ್ಕೆ ರಜ್ಜು ಮತ್ತೆ ಹರಿದಿದೆ ಎಂದಲ್ಲ. ನಿಮ್ಮ ವರದಿಯಲ್ಲಿ ‘ರಜ್ಜು ಕೂಡಿಕೊಂಡಿದೆ’ ಎಂಬ ಸಾಲು ಇದೆಯೇ, ನೋಡಿ. ಇದ್ದರೆ ಔಷಧವೂ ಬೇಡ, ಆಪರೇಷನ್ನೂ ಬೇಡ. ನೋವು ಶುರುವಾದರೆ, ಕೈ ಬಲ ಕುಂದಿದರೆ ಅಥವಾ ಒಳಗೆ ಏನೋ ಕಟಕಟ ಎಂದರೆ ಬನ್ನಿ.

ಆಳಂದದ ಸದಸ್ಯ: ನನಗೂ ಸಿಸ್ಟ್ ಇದೆ ಸರ್, 4 ಮಿ.ಮೀ. ತೆಗೆಸಬೇಕೇ?

ವೈದ್ಯರು: ನೋವಿಲ್ಲದಿದ್ದರೆ ಬೇಡ. ಮೇಲಿನ ಉತ್ತರ ಓದಿ.

ಯಾದಗಿರಿಯ ಸದಸ್ಯೆ: ಈ ಆಪರೇಷನ್ ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತದೆಯೇ?

ಸೇಡಂನ ತೊಗರಿ ವ್ಯಾಪಾರಿ: ಕರಗುತ್ತದೆ ಎಂದು ಹೇಳಿ ದುಬಾರಿ ಮಾಲು ತುರುಕುವುದೇ ಇದಕ್ಕೆಲ್ಲ ಕಾರಣ. ನನ್ನ ಭುಜದಲ್ಲಿರುವುದು ಟೈಟಾನಿಯಂ. ಐದು ವರ್ಷವಾಯಿತು, ರಾಶಿಯ ಕಾಲದಲ್ಲಿ ಚೀಲಕ್ಕೆ ಕೈ ಹಚ್ಚುತ್ತೇನೆ.

ಬೀದರ್‌ನ ಫಿಸಿಯೋಥೆರಪಿಸ್ಟ್: ಅಣ್ಣಾ, ಲೋಹದ ಗೂಟ ಸಡಿಲಾಗಿ ಹೊರಬಂದರೆ ಕೀಲಿನ ಮೃದ್ವಸ್ಥಿಯನ್ನು ಗೀರುತ್ತದೆ. ಎಂಆರ್‌ಐ ಚಿತ್ರವೂ ಅದರ ಸುತ್ತ ಕದಡುತ್ತದೆ. ನಿಮ್ಮ ಒಂದು ಭುಜ ನೋಡಿ ಎಲ್ಲರಿಗೂ ತೀರ್ಪು ಕೊಡಬೇಡಿ.

ಸೇಡಂನ ತೊಗರಿ ವ್ಯಾಪಾರಿ: ವ್ಯಾಯಾಮ ಹೇಳಿಕೊಡುವವರು ಆಪರೇಷನ್ ಬಗ್ಗೆ ಮಾತಾಡುವುದು ಬೇಡ.

ಬೀದರ್‌ನ ಫಿಸಿಯೋಥೆರಪಿಸ್ಟ್: ಆಪರೇಷನ್ ಆದವರ ಕೈ ಎತ್ತಿಸುವವರು ನಾವೇ. ದಿನಕ್ಕೆ ಹತ್ತು ಭುಜ ಮುಟ್ಟುತ್ತೇನೆ.

ಹುಮನಾಬಾದ್‌ನ ಸದಸ್ಯ: ನಡುವೆ ಒಂದು ಸಣ್ಣ ಪ್ರಶ್ನೆ ಸರ್. ಅವ್ವನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಇದೇ ಆಪರೇಷನ್ ಆಗಿ ಎಂಟು ತಿಂಗಳು. ರೊಟ್ಟಿ ತಟ್ಟಲು ಕುಳಿತರೆ ನಾಲ್ಕನೇ ರೊಟ್ಟಿಗೆ ಕೈ ಇಳಿಸಿಬಿಡುತ್ತಾಳೆ. ಹೊಲಿಗೆಯ ಗುರುತಿನ ಮೇಲೆ ಜೋಳದ ಕಾಳಿನಷ್ಟು ಗುಳ್ಳೆ ಇದೆ, ಎರಡು ದಿನಕ್ಕೊಮ್ಮೆ ತಿಳಿ ನೀರು ಒಸರಿ ಕುಪ್ಪಸ ಅಂಟಿಕೊಳ್ಳುತ್ತದೆ. ಸಂಜೆ ಮೈ ಬೆಚ್ಚಗಾಗುತ್ತದೆ. ಎಂಆರ್‌ಐಯಲ್ಲಿ ಸಿಸ್ಟ್ ಎಂದೇ ಬಂದಿದೆ. ಎಕ್ಕದ ಎಲೆ ಕಾಯಿಸಿ ಕಟ್ಟುತ್ತಿದ್ದೇವೆ. ಮಾಸ್ತರರಂತೆ ನಾವೂ ಸುಮ್ಮನಿರಬಹುದಲ್ಲವೇ?

ವೈದ್ಯರು: ಇಲ್ಲ, ಸುಮ್ಮನಿರಬೇಡಿ. ಇದು ಸಣ್ಣ ಪ್ರಶ್ನೆಯಲ್ಲ. ಎಂಟು ತಿಂಗಳ ಹಳೆಯ ಗಾಯ ಒಸರುತ್ತಿದೆ ಎಂದರೆ, ಬೇರೆ ಎಂದು ಸಾಬೀತಾಗುವವರೆಗೆ ನಾನು ಅದನ್ನು ಸೋಂಕು ಎಂದೇ ಹಿಡಿಯುತ್ತೇನೆ. ಎಂಆರ್‌ಐಯಲ್ಲಿ ನಿರಪಾಯದ ನೀರೂ ಬೆಳ್ಳಗೆ, ಕೀವೂ ಬೆಳ್ಳಗೆ. ವ್ಯತ್ಯಾಸ ಹೇಳುವುದು ಅವ್ವನ ಮೈ, ಅದು ಹೇಳುತ್ತಿದೆ. ಭುಜದಲ್ಲಿ ಕ್ಯುಟಿಬ್ಯಾಕ್ಟೀರಿಯಂ ಎಂಬ ಚರ್ಮದ ಸೂಕ್ಷ್ಮಾಣು ಆಪರೇಷನ್ ಆಗಿ ತಿಂಗಳುಗಳ ಮೇಲೆ, ಹೆಚ್ಚು ಜ್ವರವನ್ನೂ ತೋರಿಸದೆ ಕಾಡಬಲ್ಲದು. ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ, ಆದರೆ ಅವು ಸರಿ ಬಂದವೆಂದು ಮನೆಗೆ ಹೋಗಬೇಡಿ, ಈ ಸೋಂಕಿನಲ್ಲಿ ಅವು ಏರದೆಯೂ ಇರಬಹುದು. ಕೀಲಿನ ನೀರನ್ನು ಸೂಜಿಯಿಂದ ತೆಗೆದು ಕಲ್ಚರ್‌ಗೆ, ಅಂದರೆ ಸೂಕ್ಷ್ಮಾಣು ಬೆಳೆಯುತ್ತದೆಯೇ ಎಂದು ನೋಡಲು, ಹಾಕಬೇಕು, ಪ್ರಯೋಗಾಲಯದವರಿಗೆ 14 ದಿನ ಇಡಲು ಹೇಳಬೇಕು. ಮೂರೇ ದಿನಕ್ಕೆ ‘ಏನೂ ಬೆಳೆಯಲಿಲ್ಲ’ ಎಂದು ಬಿಸಾಡಿದರೆ ಈ ಸೂಕ್ಷ್ಮಾಣು ಸಿಗುವುದಿಲ್ಲ. ಸಂಜೆ ಜ್ವರ, ಸಕ್ಕರೆ ಕಾಯಿಲೆ ಎರಡೂ ಇರುವುದರಿಂದ ಅದೇ ಮಾದರಿಯಲ್ಲಿ ಕ್ಷಯದ ಪರೀಕ್ಷೆಯೂ ಆಗಲಿ. ಕ್ಷಯ ಶ್ವಾಸಕೋಶಕ್ಕಷ್ಟೇ ಅಲ್ಲ, ಭುಜದ ಕೀಲಿಗೂ ಬರುತ್ತದೆ. ಅವ್ವನ ತೂಕ ಇಳಿದಿದೆಯೇ? ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಕೊಡುತ್ತಿದ್ದೀರಾ?

ಚಿಂಚೋಳಿಯ ಸದಸ್ಯ: ಬಂದ ಸಂದೇಶ ಹಾಕುತ್ತಿದ್ದೇನೆ: ‘ಮಂಗರಬಳ್ಳಿಯ ಕಷಾಯ 21 ದಿನ ಕುಡಿದರೆ ಮೂಳೆಯ ಸಿಸ್ಟ್ ಬೇರು ಸಮೇತ ಮಾಯ. ಎಲ್ಲರಿಗೂ ತಲುಪಿಸಿ.’

ವೈದ್ಯರು: ತಲುಪಿಸಬೇಡಿ. ಒಸರುವ ಗಾಯವಿರುವ ಹೆಣ್ಣುಮಗಳಿಗೆ 21 ದಿನ ಎಂದರೆ ಮೂಳೆ ಕೊಳೆಯಲು ಕೊಟ್ಟ 21 ದಿನ. ಎಕ್ಕದ ಎಲೆಯನ್ನೂ ಇಂದೇ ಬಿಚ್ಚಿ. ಅದರ ಹಾಲು ಚರ್ಮವನ್ನು ಸುಡುತ್ತದೆ, ಆ ಕೈ ಕಣ್ಣಿಗೆ ತಾಗಿದರೆ ಕಣ್ಣಿಗೂ ಅಪಾಯ.

ಚಿಂಚೋಳಿಯ ಸದಸ್ಯ: ನಮ್ಮ ಅಜ್ಜ ಇದರಿಂದಲೇ ಮೂಳೆ ಕೂಡಿಸುತ್ತಿದ್ದರು. ಎಲ್ಲ ಓದಿದವರಿಗೂ ಹಳ್ಳಿಯ ಔಷಧ ಎಂದರೆ ಅಸಡ್ಡೆ.

ವೈದ್ಯರು: ನಿಮ್ಮ ಅಜ್ಜನವರ ಕಾಲದಲ್ಲಿ ಈ ಗೂಟವೂ ಇರಲಿಲ್ಲ, ಅದರ ಸೋಂಕೂ ಇರಲಿಲ್ಲ. ಇನ್ನೊಂದು ಸಂದೇಶ ಹಾಕಿದರೆ ನಾನು ಇಲ್ಲಿ ಉತ್ತರಿಸುವುದಿಲ್ಲ.

ಸೇಡಂನ ತೊಗರಿ ವ್ಯಾಪಾರಿ: ನೋಡಿದಿರಾ, ಲೋಹವಾಗಿದ್ದರೆ ಇಷ್ಟು ರಂಪವೇ ಇರುತ್ತಿರಲಿಲ್ಲ.

ವೈದ್ಯರು: ಲೋಹಕ್ಕೂ ಸೋಂಕು ತಗಲುತ್ತದೆ. ಪೀಕ್ ಎಂಬ ಕರಗದ ಪ್ಲಾಸ್ಟಿಕ್ ಗೂಟದ ಸುತ್ತಲೂ, ಬರಿಯ ದಾರದ ಆಂಕರ್ ಸುತ್ತಲೂ ಸಿಸ್ಟ್ ಕಂಡಿವೆ. ಸಾಕು ಮಾಡಿ.

ಯಾದಗಿರಿಯ ಸದಸ್ಯೆ: ಕಾರ್ಡಿನ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಜೇವರ್ಗಿಯ ಸದಸ್ಯ: ಸರ್, ಸಿಸ್ಟ್ ಇದ್ದರೆ ಕ್ಯಾನ್ಸರ್ ಆಗುತ್ತದೆಯೇ?

ವೈದ್ಯರು: ಇಲ್ಲ. ಮೇಲೆ ಓದಿ.

ಹುಮನಾಬಾದ್‌ನ ಸದಸ್ಯ: ಎಲೆ ಬಿಚ್ಚಿದೆವು ಸರ್. ಕೆಳಗಿನ ಚರ್ಮ ಕೆಂಪಾಗಿದೆ. ತೂಕ ನೋಡಿಲ್ಲ, ಆದರೆ ಬಳೆಗಳು ಮೊಣಕೈವರೆಗೆ ಜಾರುತ್ತಿವೆ. ಆ್ಯಂಟಿಬಯಾಟಿಕ್ ಐದು ದಿನದಿಂದ ಕೊಡುತ್ತಿದ್ದೇವೆ, ಇನ್ನೆರಡು ಮಾತ್ರೆ ಉಳಿದಿವೆ.

ವೈದ್ಯರು: ಬಳೆ ಜಾರುತ್ತಿರುವುದನ್ನು ಮೊದಲೇ ಹೇಳಬೇಕಿತ್ತು. ನಾಳೆ ಬೆಳಿಗ್ಗೆಯೇ ಆಪರೇಷನ್ ಮಾಡಿದವರ ಬಳಿ ಹೋಗಿ, ಅವರು ಸಿಗದಿದ್ದರೆ ಕಲಬುರಗಿಗೆ ನನ್ನ ಬಳಿ ಕರೆತನ್ನಿ. ಆ ಎರಡು ಮಾತ್ರೆ ಕೊಡಬೇಡಿ, ಸೂಕ್ಷ್ಮಾಣು ಅಡಗಿಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಚಳಿ, ನಡುಕದ ಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ರಾತ್ರಿಯೇ ಹೊರಡಿ. ಸಕ್ಕರೆಯ ಮಾತ್ರೆ ತಪ್ಪಿಸಬೇಡಿ. ಎಂಆರ್‌ಐ ಚಿತ್ರಗಳು, ಡಿಸ್ಚಾರ್ಜ್ ಚೀಟಿ, ಆಂಕರ್ ಪೆಟ್ಟಿಗೆಯ ಸ್ಟಿಕರ್ ಅಂಟಿಸಿದ ಹಾಳೆ, ಮೂರೂ ಇರಲಿ. ಗೂಟ ತೆಗೆಯಬೇಕಾದರೆ ಅದು ಯಾವುದೆಂದು ಗೊತ್ತಿರಬೇಕು.

ಹುಮನಾಬಾದ್‌ನ ಸದಸ್ಯ: ಮೊದಲ ಬಸ್ಸಿಗೇ ಹೊರಡುತ್ತೇವೆ ಸರ್. ಹಾಳೆ ಅವ್ವನ ಟ್ರಂಕಿನಲ್ಲಿದೆ, ತೆಗೆದಿಟ್ಟೆ.