ವಿಂಡೋಸ್ 11 ಹಾಕಲು ಹೋಗಿ ಕಂಪ್ಯೂಟರ್ರೇ ಆನ್ ಆಗ್ತಿಲ್ಲ, ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದೆಯಾ?

ಪ್ರಶ್ನೆ (ಹೈಸ್ಕೂಲ್ ಟೀಚರ್, ಸಾಗರ ತಾಲ್ಲೂಕು):

ಸರ್ ನಮಸ್ಕಾರ. ಮನೆಯಲ್ಲಿ 2019ರಲ್ಲಿ ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರ್ ಇದೆ. ಐ3-8100 ಪ್ರೊಸೆಸರ್, 8 ಜಿಬಿ ರ‍್ಯಾಮ್, 240 ಜಿಬಿ ಎಸ್ಎಸ್‌ಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಅಪ್‌ಡೇಟ್ ನಿಂತುಹೋಯ್ತು ಅಂತ 11 ಹಾಕೋಣ ಎಂದು ಹೊರಟೆ. ಸೆಕ್ಯೂರ್ ಬೂಟ್ (ಆನ್ ಆಗುವಾಗ ನಡೆಯುವ ಭದ್ರತಾ ತಪಾಸಣೆ) ಇಲ್ಲ, ಟಿಪಿಎಂ 2.0 (ಭದ್ರತಾ ಚಿಪ್) ಇಲ್ಲ ಎಂದು ಎರಡು ಕೆಂಪು ಗುರುತು ತೋರಿಸಿತು. ಒಂದು ವಿಡಿಯೋ ನೋಡಿಕೊಂಡು, ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ಪಿಟಿಟಿ ಅನ್ನೋದನ್ನು ಆನ್ ಮಾಡಿದೆ, ಸಿಎಸ್ಎಂ ಅನ್ನೋದನ್ನು ಆಫ್ ಮಾಡಿ ಸೇವ್ ಮಾಡಿದೆ. ಅಲ್ಲಿಗೆ ಮುಗಿಯಿತು. ಈಗ ಕಪ್ಪು ಪರದೆ ಮೇಲೆ "ರೀಬೂಟ್ ಆಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅಂತ ಒಂದೇ ಸಾಲು. ಅಂಗಡಿಯವರು ಫೋನಿನಲ್ಲೇ "ಹಾರ್ಡ್ ಡಿಸ್ಕ್ ಹೋಗಿದೆ, ತನ್ನಿ, ಫಾರ್ಮ್ಯಾಟ್ ಹೊಡೆಯೋಣ" ಅಂದರು. ಆರು ವರ್ಷದ ಪ್ರಶ್ನೆಪತ್ರಿಕೆ ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅದರಲ್ಲೇ ಇದೆ. ಬೇರೆ ಕಡೆ ಕಾಪಿ ಇಲ್ಲ.

ಉತ್ತರ (ಶಿವಮೊಗ್ಗದಲ್ಲಿ 17 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ):

ಮೇಡಂ, ಮೊದಲು ಒಂದು ಲೋಟ ನೀರು ಕುಡಿಯಿರಿ. ನಿಮ್ಮ ಫೈಲು ಒಂದೂ ಹೋಗಿಲ್ಲ. ಡಿಸ್ಕೂ ಹೋಗಿಲ್ಲ. ಇಷ್ಟು ಧೈರ್ಯವಾಗಿ ಯಾಕೆ ಹೇಳ್ತಿದ್ದೇನೆ ಅಂದರೆ ವಾರಕ್ಕೆ ಒಂದಾದರೂ ಇದೇ ಕೇಸ್ ನನ್ನ ಮೇಜಿಗೆ ಬರುತ್ತಿದೆ.

ಆಗಿದ್ದು ಇಷ್ಟು. ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಗೆ ಅಂತ ಒಂದು ಪಟ್ಟಿ ಇರುತ್ತದೆ. ಹಳೇ ಪದ್ಧತಿಗೆ ಎಂಬಿಆರ್ ಅಂತಾರೆ, ಹೊಸದಕ್ಕೆ ಜಿಪಿಟಿ. ನಿಮಗೆ ಜೋಡಿಸಿಕೊಟ್ಟವರು ವಿಂಡೋಸ್ 10 ಅನ್ನು ಹಳೇ ಪದ್ಧತಿಯಲ್ಲಿ ಹಾಕಿದ್ದಾರೆ. ಮದರ್‌ಬೋರ್ಡ್ ಹೊಸ ಕಾಲದ್ದು, ಅದರ ಭಾಷೆ ಯುಇಎಫ್‌ಐ. ಇವೆರಡರ ನಡುವೆ ದುಭಾಷಿ ಥರ ಕೂತಿದ್ದದ್ದೇ ಸಿಎಸ್ಎಂ. ನೀವು ಅದನ್ನು ಮನೆಗೆ ಕಳಿಸಿಬಿಟ್ಟಿರಿ. ಡಿಸ್ಕ್ ಅಲ್ಲೇ ಇದೆ, ವಿಂಡೋಸೂ ಇದೆ, ಆದರೆ ಬೋರ್ಡಿಗೆ ಅದನ್ನು ಎಬ್ಬಿಸೋಕೆ ಗೊತ್ತಾಗ್ತಿಲ್ಲ.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಕೀಲಿ ಒತ್ತುತ್ತಾ ಇರಿ, ಬಯೋಸ್ ಬರುತ್ತದೆ. ಸಿಎಸ್ಎಂ ಮತ್ತೆ ಆನ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಪಿಟಿಟಿಯನ್ನು ಮುಟ್ಟಬೇಡಿ, ಅದು ಆನ್ ಆಗಿಯೇ ಇರಲಿ. ಟಿಪಿಎಂ ಅಂತ ಕೇಳ್ತಿದ್ದದ್ದು ಅದನ್ನೇ, ಇಂಟೆಲ್‌ನವರು ಇಟ್ಟ ಹೆಸರು ಬೇರೆ ಅಷ್ಟೇ. ಹಳೇ ವಿಂಡೋಸ್ 10 ಮೊದಲಿನ ಹಾಗೇ ಎದ್ದು ಕೂರುತ್ತದೆ.

ಎದ್ದ ಮೇಲೆ ಕಮಾಂಡ್ ಪ್ರಾಂಪ್ಟ್ ಅನ್ನು ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಫೋನಿನಲ್ಲಿ ಹೇಳುವ ಹಾಗೆ ಹೇಳ್ತೀನಿ: ಎಂಬಿಆರ್, ಅಂಕಿ 2, ಜಿಪಿಟಿ, ಇವು ಮೂರೂ ಕೂಡಿಸಿ. ಒಂದು ಜಾಗ ಬಿಡಿ. ಪ್ರಶ್ನೆ ಗುರುತಿನ ಕೀಲಿಯಲ್ಲಿರುವ ಸ್ಲ್ಯಾಶ್, ಅದಕ್ಕೆ ಅಂಟಿಸಿ ವ್ಯಾಲಿಡೇಟ್. ಮತ್ತೆ ಜಾಗ, ಮತ್ತೆ ಸ್ಲ್ಯಾಶ್, ಅಲೋ ಫುಲ್ ಒಎಸ್ ಅಂತ ಕೂಡಿಸಿ. ಎಂಟರ್. ಹಳೇ ಎಂಬಿಆರ್ ಪಟ್ಟಿಯನ್ನು ಜಿಪಿಟಿಗೆ ಪರಿವರ್ತಿಸಲು ಆಗುತ್ತದಾ ಅಂತ ನೋಡುವ ಬರೀ ಪರೀಕ್ಷೆ ಇದು, ಏನನ್ನೂ ಬದಲಿಸುವುದಿಲ್ಲ. ಏನು ಬಂತು ಅಂತ ಹೇಳಿ, ಮುಂದಿನದು ಆಮೇಲೆ.

ಮರುಪ್ರಶ್ನೆ (ಅದೇ ಟೀಚರ್):

ಬಂತು ಸರ್! ಕಣ್ಣಲ್ಲಿ ನೀರೇ ಬಂತು. ಆದರೆ ಆ ಪರೀಕ್ಷೆಯಲ್ಲಿ ಫೇಲ್. "ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್" ಅಂತಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. 500 ಎಂಬಿಯ ಸಿಸ್ಟಂ ರಿಸರ್ವ್‌ಡ್, ಆಮೇಲೆ ಸಿ 80 ಜಿಬಿ, ಡಿ 80, ಇ 62. ಇ ಸುತ್ತ ಮಾತ್ರ ಹಸಿರು ಗೆರೆಯ ಚೌಕ ಇದೆ. ಸಿ ಡ್ರೈವಿನಲ್ಲಿ 11 ಜಿಬಿ ಖಾಲಿ. ಡಿ, ಇ ಎರಡರಲ್ಲೂ ಬರೀ ಫೈಲು, ಫೋಟೋ.

ಉತ್ತರ:

ಆ ಹಸಿರು ಚೌಕವೇ ಕಳ್ಳ. ಹಳೇ ಪಟ್ಟಿಯಲ್ಲಿ ನಾಲ್ಕೇ ಸಾಲು ಇರೋದು. ನಾಲ್ಕನೆಯದನ್ನು ಎಕ್ಸ್‌ಟೆಂಡೆಡ್ ಅಂತ ಮಾಡಿ ಅದರೊಳಗೆ ಇ ಇಟ್ಟಿದ್ದಾರೆ. ಈ ಪರಿವರ್ತನೆಯ ಸಾಧನಕ್ಕೆ ಮೂರಕ್ಕಿಂತ ಜಾಸ್ತಿ ಭಾಗ ಇರಬಾರದು, ಎಕ್ಸ್‌ಟೆಂಡೆಡ್ ಅಂತೂ ಇರಲೇಬಾರದು.

ಇರೋ 240 ಜಿಬಿಯನ್ನು ದೋಸೆ ಹಾಗೆ ಮೂರು ತುಂಡು ಮಾಡಿಕೊಡೋ ಈ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಇನ್ನೂ ಹೋಗಿಲ್ಲ. "ಸಿ ಫಾರ್ಮ್ಯಾಟ್ ಮಾಡಿದರೂ ಡಿ ಉಳಿಯುತ್ತೆ" ಅನ್ನೋದು ಅದರ ಹಿಂದಿನ ಲೆಕ್ಕ. ನಾನೂ ಶುರುವಿನಲ್ಲಿ ಎಷ್ಟೋ ಮಷಿನ್‌ಗೆ ಹಾಗೇ ಮಾಡಿಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಎಸ್ಎಸ್‌ಡಿ ಕೈಕೊಟ್ಟರೆ ಸಿ, ಡಿ, ಇ ಮೂರೂ ಒಟ್ಟಿಗೇ ಹೋಗುತ್ತವೆ. ಡಿ ಡ್ರೈವಿನಲ್ಲಿ ಇಟ್ಟ ಕಾಪಿ ಕಾಪಿ ಅಲ್ಲ.

ನಿಮಗೆ ಇನ್ನೊಂದು ತೊಂದರೆಯೂ ಕಾದಿತ್ತು. ಸಿಯಲ್ಲಿ 11 ಜಿಬಿ ಇಟ್ಟುಕೊಂಡು ಅಪ್‌ಗ್ರೇಡ್‌ಗೆ ಹೋಗಿದ್ದರೆ ಜಾಗ ಸಾಲದು ಎಂದು ಅಲ್ಲಿ ನಿಲ್ಲುತ್ತಿತ್ತು. ಕೊನೆಗೆ 80070070 ಅಂತ ಇರುವ ಎರರ್ ಯಾರಿಗಾದರೂ ಬಂದಿದ್ದರೆ ಅದರ ಅರ್ಥ ಅದೇ. ಹಾಗಾಗಿ ಎರಡಕ್ಕೂ ಒಂದೇ ಮದ್ದು.

ಡಿ, ಇ ಎರಡನ್ನೂ, ಜೊತೆಗೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹತ್ತಿಪ್ಪತ್ತು ಫೈಲು ತೆರೆದು ನೋಡಿ. ಅಲ್ಲಿ ನಿಮ್ಮ ಪ್ರಶ್ನೆಪತ್ರಿಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದ ಹಾಗೆ ಕಂಡರೆ ಗಾಬರಿ ಬೇಡ, ಫೈಲು ಕೆಟ್ಟಿಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೇ ಕಾಣೋದು.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇ ಡಿಲೀಟ್ ಮಾಡಿ. ಡಿಲೀಟ್ ಆದ ಮೇಲೂ ತಿಳಿ ಹಸಿರು ಬಣ್ಣದ್ದು ಒಂದು ಉಳಿಯುತ್ತದೆ, ಫ್ರೀ ಸ್ಪೇಸ್ ಅಂತ. ಎಲ್ಲರೂ ಎಡವೋದು ಇಲ್ಲೇ. ಅದನ್ನೂ ಬಲ ಕ್ಲಿಕ್ ಮಾಡಿ ಇನ್ನೊಂದು ಸಲ ಡಿಲೀಟ್ ಮಾಡಬೇಕು, ಕಪ್ಪು ಪಟ್ಟಿ ಆಗಿ ಅನಲೊಕೇಟೆಡ್ ಅಂತ ಬರಬೇಕು. ಆಮೇಲೆ ಡಿ ಡಿಲೀಟ್ ಮಾಡಿ. ಸಿ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ಕೊಟ್ಟರೆ ಇಡೀ ಜಾಗ ಸಿಗೆ ಸೇರುತ್ತದೆ. ಇಷ್ಟಾದ ಮೇಲೆಯೇ ಪರಿವರ್ತನೆ. ಮೊದಲು ಪರಿವರ್ತನೆ ಮಾಡಿದರೆ ಅದು ಸಿ ಪಕ್ಕದಲ್ಲೇ ತನಗೊಂದು ಪುಟ್ಟ ಭಾಗ ಮಾಡಿಕೊಂಡು ಕೂತುಬಿಡಬಹುದು, ಆಮೇಲೆ ಸಿ ಹಿಗ್ಗುವುದಿಲ್ಲ.

ಮತ್ತೆ ಅದೇ ಕಮಾಂಡ್ ಕೊಡಿ. ಪಾಸಾದರೆ ವ್ಯಾಲಿಡೇಟ್ ಇದ್ದ ಕಡೆ ಕನ್ವರ್ಟ್ ಹಾಕಿ ಇನ್ನೊಂದು ಸಲ. ಒಂದೆರಡು ನಿಮಿಷದ ಕೆಲಸ. ಕೊನೆಯಲ್ಲಿ ರೀಏಜೆಂಟ್ (ರಿಪೇರಿ ಪರದೆಯ ಸೆಟ್ಟಿಂಗ್ ಫೈಲು) ಅಪ್‌ಡೇಟ್ ಆಗಲಿಲ್ಲ ಎಂದು ಗೊಣಗಬಹುದು, ತಲೆ ಕೆಡಿಸಿಕೊಳ್ಳಬೇಡಿ. ಆಗ ನೇರ ಬಯೋಸ್‌ಗೆ ಹೋಗಿ ಸಿಎಸ್ಎಂ ಆಫ್ ಮಾಡಿ. ಈ ಸಲ ವಿಂಡೋಸ್ ಏಳುತ್ತದೆ. ವಿಡಿಯೋದವರು ಹೇಳಿದ ಹೆಜ್ಜೆ ತಪ್ಪಲ್ಲ ಮೇಡಂ, ಕೊನೆಯ ಹೆಜ್ಜೆಯನ್ನು ಮೊದಲು ಹೇಳಿದ್ದಾರೆ ಅಷ್ಟೇ.

ಸದಸ್ಯರೊಬ್ಬರು:

ಇಷ್ಟೆಲ್ಲ ಸರ್ಕಸ್ ಯಾಕೆ ಸರ್? ಹೇಗೂ ಕಾಪಿ ಆಯ್ತಲ್ಲ, ಫಾರ್ಮ್ಯಾಟ್ ಹೊಡೆದರೆ ಅರ್ಧ ಗಂಟೆ.

ಉತ್ತರ:

ವಿಂಡೋಸ್‌ಗೆ ಅರ್ಧ ಗಂಟೆ, ಒಪ್ಪಿದೆ. ಆಮೇಲೆ ಪ್ರಿಂಟರ್, ನುಡಿ, ಆಫೀಸ್, ಬ್ರೌಸರ್ ಪಾಸ್‌ವರ್ಡ್, ಸ್ಕ್ಯಾನರ್... ಅದಕ್ಕೆ ಎರಡು ದಿನ. ವೈರಸ್ ಹಿಡಿದ ಮಷಿನ್ ಆಗಿದ್ದರೆ, ಕದ್ದ ಆಕ್ಟಿವೇಟರ್ ಹಾಕಿದ್ದರೆ ನಾನೂ ಫಾರ್ಮ್ಯಾಟೇ ಮಾಡೋದು. ಇದಕ್ಕೆ ಆ ರೋಗ ಇಲ್ಲ.

ಪ್ರಶ್ನೆ (ತೀರ್ಥಹಳ್ಳಿ):

ಅಣ್ಣಾ, ನಮ್ಮದು ಬೇರೆ ಕಥೆ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆಯ್ತು, ಕರೆಂಟಿಗೆ ಚುಚ್ಚಿಕೊಂಡೇ ಬಳಸೋದು. 11ಕ್ಕೆ ಹೋಗ್ತಾ 60 ಪರ್ಸೆಂಟ್ ಆಗಿತ್ತು, ಮಳೆಗೆ ಕರೆಂಟ್ ಹೋಯ್ತು. ಈಗ ಆಟೋಮ್ಯಾಟಿಕ್ ರಿಪೇರಿ ಅಂತ ಬರ್ತದೆ, ಸುತ್ತುತ್ತದೆ, ಮತ್ತೆ ಅದೇ.

ಉತ್ತರ:

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದೆ ಅಪ್‌ಗ್ರೇಡಾ ಮಾರಾಯ್ರೇ! ಇರಲಿ. ಸಾಮಾನ್ಯವಾಗಿ ಹೀಗೆ ಅರ್ಧಕ್ಕೆ ನಿಂತರೆ ಅದೇ ಹಿಂದಕ್ಕೆ ಹೋಗುತ್ತದೆ. "ಅನ್‌ಡೂಯಿಂಗ್ ಚೇಂಜಸ್" ಅಂತ ಬಂದರೆ ಗಂಟೆಗಟ್ಟಲೆ ಆದರೂ ಆಫ್ ಮಾಡಬೇಡಿ. ನಿಮ್ಮದು ಸುತ್ತುತ್ತಿದೆ ಅಂದರೆ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ. ಆ ಪರದೆ ಬರದಿದ್ದರೆ ವಿಂಡೋಸ್ ಏಳೋಕೆ ಶುರುವಾದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮೂರು ಸಲ ಹೀಗೆ ಮಾಡಿದರೆ ತಾನಾಗಿ ಬರುತ್ತದೆ.

ರಿಪೇರಿಗೆ ಕೈ ಹಾಕುವ ಮೊದಲು ಫೈಲು ಹೊರಗೆ ತೆಗೆಯಿರಿ. ಪೆನ್‌ಡ್ರೈವ್ ಹಾಕಿ, ಟ್ರಬಲ್‌ಶೂಟ್ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತದೆ. ಅದರಲ್ಲಿ ಫೈಲ್, ಓಪನ್. ಕೆಳಗೆ ಟೆಕ್ಸ್ಟ್ ಅಂತ ಇರೋದನ್ನು ಆಲ್ ಫೈಲ್ಸ್ ಮಾಡಿ. ಈಗ ಆ ಕಿಟಕಿಯಲ್ಲೇ ನಿಮ್ಮ ಇಡೀ ಡಿಸ್ಕ್ ಕಾಣುತ್ತದೆ! ಬೇಕಾದ ಫೋಲ್ಡರ್ ಬಲ ಕ್ಲಿಕ್ ಮಾಡಿ ಕಾಪಿ ಕೊಟ್ಟು ಪೆನ್‌ಡ್ರೈವಿಗೆ ಪೇಸ್ಟ್ ಮಾಡಿ. ಕಾಪಿ ಎಷ್ಟಾಯಿತು ಅಂತ ತೋರಿಸುವುದಿಲ್ಲ, ಸತ್ತ ಹಾಗೆ ಕೂರುತ್ತದೆ, ಕಾಯಿರಿ. ಸಿ ಅಂದುಕೊಂಡಿದ್ದು ಅಲ್ಲಿ ಡಿ ಅಂತ ಕಾಣಬಹುದು, ಅದು ಸಹಜ.

ಡಿಸ್ಕಿಗೆ ಹಾಕಿದ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿದರೆ ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ, ಬಹಳ ಲ್ಯಾಪ್‌ಟಾಪ್‌ಗಳದ್ದು ಅಲ್ಲೇ ಇರುತ್ತದೆ. ಫೈಲು ಕೈಗೆ ಬಂದ ಮೇಲೆ ಸ್ಟಾರ್ಟಪ್ ರಿಪೇರಿ, ಅದಾಗದಿದ್ದರೆ ಸಿಸ್ಟಂ ರಿಸ್ಟೋರ್. ಎರಡೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿಕೊಂಡು ಹೊಸದಾಗಿ ಹಾಕಿ.

ಪ್ರಶ್ನೆ (ಇನ್ನೊಬ್ಬರು):

ನನ್ನದು ನಾಲ್ಕನೇ ತಲೆಮಾರಿನ ಐ5. ಪೆನ್‌ಡ್ರೈವಿಗೆ ವಿಂಡೋಸ್ ಹಾಕಿಕೊಡುವ ಆ ರೂಫಸ್ ಸಾಫ್ಟ್‌ವೇರ್ ಬಳಸಿ 11ರ ನಿಯಮ ತಪ್ಪಿಸಬಹುದಂತೆ, ಹೌದಾ?

ಉತ್ತರ:

ಹೌದು. ಆದರೆ ನಾನು ಗಿರಾಕಿಗೆ ಮಾಡಿಕೊಡುವುದಿಲ್ಲ. ಇಂಟೆಲ್‌ನಲ್ಲಿ ಕೆಲವೇ ಅಪವಾದ ಬಿಟ್ಟರೆ ಎಂಟನೇ ತಲೆಮಾರಿನಿಂದ ಮೇಲಿನವಕ್ಕೆ ಮಾತ್ರ ಮೈಕ್ರೋಸಾಫ್ಟ್ ಬೆಂಬಲ. ತಪ್ಪಿಸಿ ಹಾಕಿದ್ದಕ್ಕೆ ನಾಳೆ ಅಪ್‌ಡೇಟ್ ಬರದಿದ್ದರೆ ಕೇಳುವ ಹಾಗಿಲ್ಲ. ಸದ್ಯಕ್ಕೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಎನ್‌ರೋಲ್ ಅಂತ ಇದ್ದರೆ ಒತ್ತಿ, 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತದೆ. ಆಮೇಲೆ ಬರೀ ಬ್ರೌಸರ್ ಬಳಸೋರಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡಿ.

ಮೂರು ದಿನದ ಮೇಲೆ, ಸಾಗರದ ಟೀಚರ್:

ಸರ್, ಆಯ್ತು! ರಾತ್ರಿ ಎಂಟಕ್ಕೆ ಅಪ್‌ಗ್ರೇಡ್‌ಗೆ ಬಿಟ್ಟು ಮಲಗಿದೆ, ಬೆಳಿಗ್ಗೆ ನೋಡಿದರೆ 11 ಬಂದಿತ್ತು. ತಿಳಿ ಹಸಿರಿನ ಹತ್ತಿರ ನಾನೂ ಎಡವಿದ್ದೆ, ನಿಮ್ಮ ಮಾತು ನೆನಪಾಯ್ತು. ನುಡಿ ಫೈಲೆಲ್ಲ ಸರಿಯಾಗಿದೆ. ಈಗ ಸಿಯಲ್ಲಿ ವಿಂಡೋಸ್ ಡಾಟ್ ಓಲ್ಡ್ ಅಂತ ದೊಡ್ಡ ಫೋಲ್ಡರ್ ಇದೆ, ತೆಗೆಯಲಾ? ಇನ್ನೊಂದು, ಹಳೇ ಪ್ರಿಂಟರ್ ಕಾಣ್ತಾನೇ ಇಲ್ಲ.

ಉತ್ತರ:

ಹತ್ತು ದಿನ ಇರಲಿ, 11 ಇಷ್ಟವಾಗದಿದ್ದರೆ 10ಕ್ಕೆ ವಾಪಸ್ ಹೋಗಲು ಅದೇ ಬೇಕು. ಆಮೇಲೆ ತಾನಾಗಿಯೇ ಹೋಗುತ್ತದೆ. ಪ್ರಿಂಟರ್ ಕಥೆ ಬೇರೆ ಪ್ರಶ್ನೆಯಾಗಿ ಹಾಕಿ ಮೇಡಂ, ಮಾಡೆಲ್ ನಂಬರ್ ಸಮೇತ. ಮತ್ತೆ ಆ ಎಕ್ಸ್‌ಟರ್ನಲ್ ಡಿಸ್ಕ್ ಯಾರದ್ದೋ ಆಗಿದ್ದರೆ ವಾಪಸ್ ಕೊಡುವ ಮೊದಲು ನಿಮ್ಮದೇ ಒಂದು ತಗೊಳ್ಳಿ.