ಅಪ್ಪಯ್ಯನ ಲ್ಯಾಪ್‌ಟಾಪ್ ಬಿಸಾಡಬೇಕಂತೆ, ವಿಂಡೋಸ್ 10 ಮುಗಿಯಿತಂತೆ. ಹೌದಾ?

ಸೀತಾನದಿ (ಬ್ರಹ್ಮಾವರ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ಹೇಳದಿದ್ದರೆ ಉತ್ತರ ಕೊಡುವುದು ನಿಮಗೂ ಕಷ್ಟ ಅಲ್ವಾ.

ನಮ್ಮ ಅಪ್ಪಯ್ಯನಿಗೆ ಈಗ 74. ಶಾಲೆಯಲ್ಲಿ ಮಾಸ್ಟ್ರಾಗಿದ್ದವರು. ನಿವೃತ್ತಿಯ ನಂತರ ಯಕ್ಷಗಾನದ ಹಳೆ ಪ್ರಸಂಗಗಳ ಪದ್ಯ ಟೈಪ್ ಮಾಡಿ ಇಡುವುದೇ ಅವರ ದಿನಚರಿ. ಊರಿನ ಒಬ್ಬರು ಹಿರಿಯ ಭಾಗವತರ ಮನೆಯಲ್ಲಿದ್ದ ಕೈಬರಹದ ಪುಸ್ತಕಗಳನ್ನು ಒಂದೊಂದಾಗಿ ತಂದು, ಓದಿ, ಟೈಪ್ ಮಾಡಿ, ವಾಪಸ್ ಕೊಟ್ಟು ಬರುತ್ತಿದ್ದರು. ತಾಳಮದ್ದಲೆಗೆ ತಾವೇ ಮಾಡಿಕೊಂಡ ಟಿಪ್ಪಣಿಗಳೂ ಉಂಟು. ಎಲ್ಲ ಸೇರಿ 300ಕ್ಕಿಂತ ಜಾಸ್ತಿ ಫೈಲ್, ಎಲ್ಲವೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಆ ಪುಸ್ತಕಗಳಲ್ಲಿ ಕೆಲವನ್ನು ಆಮೇಲೆ ಗೆದ್ದಲು ತಿಂದು ಹಾಕಿತು. ಹಾಗಾಗಿ ಕೆಲವು ಪದ್ಯಗಳು ಈಗ ಈ ಲ್ಯಾಪ್‌ಟಾಪ್ ಬಿಟ್ಟರೆ ಬೇರೆಲ್ಲೂ ಇಲ್ಲ.

ಲ್ಯಾಪ್‌ಟಾಪ್ 2017ರಲ್ಲಿ ಉಡುಪಿಯಲ್ಲಿ ತೆಗೆದುಕೊಂಡದ್ದು. ಇಂಟೆಲ್ ಐ3 ಪ್ರೊಸೆಸರ್, 6ನೇ ಜನರೇಶನ್. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಒಂದು ವರ್ಷದಿಂದ ನಿಧಾನ ಆಗುತ್ತಾ ಬಂತು. ಈಗ ಆನ್ ಮಾಡಿದರೆ ಕೆಲಸಕ್ಕೆ ಸಿಗಲು 9-10 ನಿಮಿಷ ಬೇಕು. ಫೈಲ್ ಸೇವ್ ಮಾಡುವಾಗ ಪರದೆ ಬೆಳ್ಳಗಾಗಿ ನಿಂತುಬಿಡುತ್ತದೆ. ದೀಪಾವಳಿ ಕಳೆದ ಮೇಲೆ ವಿಂಡೋಸ್ 10ರ ಸಪೋರ್ಟ್ ಮುಗಿದಿದೆ ಅನ್ನುವ ದೊಡ್ಡ ಸೂಚನೆಯೂ ಬರತೊಡಗಿತು.

ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದೆವು. ಅವರು ಮುಚ್ಚಳ ಕೂಡ ಬಿಚ್ಚಲಿಲ್ಲ. “ಇದಕ್ಕೆ ವಿಂಡೋಸ್ 11 ಹಾಕ್ಲಿಕ್ಕೆ ಆಗುವುದಿಲ್ಲ, 10 ಬಂದ್ ಆಗಿದೆ, 45 ಸಾವಿರಕ್ಕೆ ಹೊಸದು ತೆಗೆದುಕೊಳ್ಳಿ” ಅಂದರು. ಹೋಗಲಿ, ಫೈಲ್‌ಗಳು ಸಿಗುತ್ತವಾ ನೋಡೋಣ ಅಂತ ಪೆನ್‌ಡ್ರೈವಿನಲ್ಲಿದ್ದ ಒಂದನ್ನು ಅಲ್ಲಿಯ ಹೊಸ ಕಂಪ್ಯೂಟರಿನಲ್ಲಿ ತೆರೆಸಿದೆ. ಕನ್ನಡದ ಒಂದಕ್ಷರ ಇಲ್ಲ. ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳು, ಸಾಲಿಗೆ ನಾಲ್ಕು ಪೌಂಡ್ ಚಿಹ್ನೆ. ಅಪ್ಪಯ್ಯ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಮನೆಗೆ ಬಂದವರು ಎರಡು ದಿನ ಲ್ಯಾಪ್‌ಟಾಪ್ ಇರುವ ಮೇಜಿನ ಹತ್ತಿರ ಹೋಗಲಿಲ್ಲ.

ಇದನ್ನು ಇನ್ನು ಬಳಸುವುದು ಅಪಾಯವಾ? ನಿಧಾನ ಆಗಿರುವುದು ಸಪೋರ್ಟ್ ಮುಗಿದದ್ದರಿಂದಲಾ? ಫೈಲ್‌ಗಳು ಹಾಳಾಗಿವೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಪು ದೀಪಸ್ತಂಭ

ಅಕ್ಕ, ಹೊಸದು ಬೇಡ. ರೂಫಸ್ ಅಂತ ಉಚಿತ ತಂತ್ರಾಂಶ ಉಂಟು. ಅದರಲ್ಲಿ ಪೆನ್‌ಡ್ರೈವ್ ತಯಾರು ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯಗಳು) ಪರೀಕ್ಷೆ ತೆಗೆದುಹಾಕುವ ಆಯ್ಕೆ ಬರುತ್ತದೆ. ಟಿಕ್ ಮಾಡಿದರೆ ವಿಂಡೋಸ್ 11 ಹಳೆ ಲ್ಯಾಪ್‌ಟಾಪಿಗೂ ಕೂರುತ್ತದೆ. ನಾನು ನನ್ನ ಹಳೆ ಸಿಸ್ಟಮಿಗೆ ಹಾಕಿ 5 ತಿಂಗಳಾಯಿತು, ತೊಂದರೆ ಇಲ್ಲ.

ಬಿಜೈ ರಿಪೇರಿ (ಮಂಗಳೂರು)

ಮೇಡಂ, ಮೊದಲು ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸುವ ಮೊದಲೇ ಮಾಡಿದರೂ ಆಗುತ್ತದೆ. ಅಪ್ಪಯ್ಯನ ಫೈಲ್‌ಗಳಿರುವ ಫೋಲ್ಡರ್ ಪೂರ್ತಿ ಒಂದು ಹೊಸ ಪೆನ್‌ಡ್ರೈವಿಗೆ ಕಾಪಿ ಮಾಡಿ. ಅದರಿಂದ ಇನ್ನೊಂದು ಪ್ರತಿ ನಿಮ್ಮ ಮೊಬೈಲಿಗೋ ಗೂಗಲ್ ಡ್ರೈವಿಗೋ ಹೋಗಲಿ. 300 ಫೈಲ್ ಅಂದರೆ ಅಕ್ಷರ ಮಾತ್ರ ಇರುವುದು, ಜಾಗ ಹೆಚ್ಚು ಬೇಡ.

ನೀವು ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ವಿಂಡೋಸ್ ಅಲ್ಲ. ಸೇವ್ ಮಾಡುವಾಗ ಪರದೆ ಬೆಳ್ಳಗಾಗುತ್ತದೆ ಅಂದಿರಲ್ಲ, ಅದು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೀಗೇ ಮಾಡುತ್ತದೆ. ಒಳಗಿನ ತಟ್ಟೆಯಲ್ಲಿ ಒಂದು ಜಾಗ ಓದಲು ಆಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟು ಹೊತ್ತು ಎಲ್ಲವೂ ನಿಂತಿರುತ್ತದೆ. ಕಾಪಿ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಣ್ಣ ತಂತ್ರಾಂಶ ಹಾಕಿ ನೋಡಿ, ಉಚಿತ. ನೀಲಿ ಬಣ್ಣದಲ್ಲಿ ‘ಗುಡ್’ ಅಂದರೆ ಸಮಾಧಾನ. ಹಳದಿಯಲ್ಲಿ ‘ಕಾಷನ್’ ಅಂದರೆ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಅನ್ನುವ ಸಾಲಿನಲ್ಲಿರುವ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ಯಾರಾದರೂ ಚೆಕ್‌ಡಿಸ್ಕ್ ಓಡಿಸಿ (ಡಿಸ್ಕಿನ ತಪ್ಪು ಹುಡುಕುವುದು), ಡಿಫ್ರಾಗ್ ಮಾಡಿ (ಚದುರಿದ ಫೈಲ್ ತುಂಡು ಜೋಡಿಸುವುದು) ಅಂದರೆ ಈಗ ಮಾಡಬೇಡಿ. ಉಸಿರು ಕಟ್ಟಿದವರನ್ನು ಓಡಿಸಿದ ಹಾಗಾಗುತ್ತದೆ.

ಇನ್ನು ಆ ಸೂಚನೆಯ ಮಾತು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ಮುಗಿಯುವುದು ಅಂದರೆ ಕಂಪ್ಯೂಟರ್ ನಿಲ್ಲುವುದಲ್ಲ, ನಿಧಾನ ಆಗುವುದೂ ಅಲ್ಲ. ಹೊಸದಾಗಿ ಕಂಡುಬರುವ ಭದ್ರತೆಯ ತೂತುಗಳಿಗೆ ತೇಪೆ ಬರುವುದು ನಿಲ್ಲುತ್ತದೆ, ಅಷ್ಟೇ. ಅದಕ್ಕೂ ಮನೆಯವರಿಗೆ ಒಂದು ವರ್ಷದ ದಾರಿ ಇಟ್ಟಿದ್ದಾರೆ. ಇಎಸ್‌ಯು ಅನ್ನುತ್ತಾರೆ. ಅದಕ್ಕೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಬರುತ್ತದೆ. 30 ಡಾಲರ್ ಕೊಟ್ಟೂ ಪಡೆಯಬಹುದು. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಸಿಂಕ್ ಆಗಲು ಒಪ್ಪಿದರೆ ದುಡ್ಡು ಬೇಡ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ‘ಎನ್‌ರೋಲ್ ನೌ’ ಅಂತ ಕಾಣುತ್ತದೆ. ಕಾಣದಿದ್ದರೆ ಆವೃತ್ತಿ 22ಎಚ್2 ಆಗಿದೆಯಾ ನೋಡಿ, ಅದಕ್ಕಿಂತ ಹಳತಾದರೆ ಬರುವುದಿಲ್ಲ.

6ನೇ ಜನರೇಶನ್‌ಗೆ 11 ಇಲ್ಲ ಅಂದ ಅಂಗಡಿಯವರ ಮಾತು ಸುಳ್ಳಲ್ಲ. ಇಂಟೆಲ್ ಆದರೆ 8ನೇ ಜನರೇಶನ್ ಮತ್ತು ಅದರ ನಂತರದ್ದು ಬೇಕು, 7ರಲ್ಲಿ ಒಂದೆರಡಕ್ಕೆ ಮಾತ್ರ ವಿನಾಯಿತಿ. ಕಾಪುವಿನ ತಮ್ಮ ಹೇಳಿದ ದಾರಿ ನಡೆಯುತ್ತದೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಕೈಯಾರೆ ಹಾಕಬೇಕು. ನಿಮಗೆ ಸರಿ ತಮ್ಮಾ, ನೀವು ಮಾಡಿಕೊಳ್ಳುತ್ತೀರಿ. 74ರ ಹಿರಿಯರು ದಿನಾ ಕೂರುವ ಯಂತ್ರಕ್ಕೆ ನಾನು ಹಾಕುವುದಿಲ್ಲ.

ನಾನು ಮಾಡುವುದು ಹೀಗೆ. ಹಾರ್ಡ್ ಡಿಸ್ಕ್ ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ಹಾಕುತ್ತೇನೆ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸುತ್ತೇನೆ. ರ‍್ಯಾಮ್ ಕೊಳ್ಳುವ ಮೊದಲು ಹಳೆ ರ‍್ಯಾಮಿನ ಮೇಲಿನ ಚೀಟಿ ಓದಿ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4. ಒಂದರ ಜಾಗಕ್ಕೆ ಇನ್ನೊಂದು ಹೋಗುವುದೇ ಇಲ್ಲ. ಎಸ್‌ಎಸ್‌ಡಿ, ರ‍್ಯಾಮ್ ಎರಡರ ಬೆಲೆಯೂ ಈಚೆಗೆ ಏರಿದೆ. ಆದರೂ 45 ಸಾವಿರದ ಹತ್ತಿರವೂ ಬರುವುದಿಲ್ಲ. ವಿಂಡೋಸ್ 10 ಹೊಸದಾಗಿ ಹಾಕಿದರೆ ಲೈಸೆನ್ಸ್ ಹೋಗುತ್ತದೆ ಅಂತ ಹೆದರಬೇಡಿ. ಅದು ಮದರ್‌ಬೋರ್ಡಿಗೆ ಕಟ್ಟಿಕೊಂಡಿರುತ್ತದೆ, ಡಿಸ್ಕಿಗಲ್ಲ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಕಪ್ಪಾಗಿರುವುದು, ಸ್ಕ್ರೂ ತುಕ್ಕು ಹಿಡಿದಿರುವುದು ಮಾಮೂಲು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟದ್ದೇ ಬೇಗ ಹಾಳಾಗುತ್ತದೆ. ದಿನಾ ಒಂದು ಗಂಟೆ ಓಡಿದರೆ ಆ ಬಿಸಿಗೆ ಒಳಗಿನ ಥಂಡಿ ಹೋಗುತ್ತದೆ. ಈಗ ಮಧ್ಯಾಹ್ನದ ಮೇಲೆ ಗುಡುಗು ಬರುವ ಕಾಲ. ಚಾರ್ಜರ್ ಮಾತ್ರ ಕಿತ್ತರೆ ಸಾಲದು, ಇಂಟರ್‌ನೆಟ್ಟಿನ ಲ್ಯಾನ್ ವೈರು ಹಾಕಿದ್ದರೆ ಅದನ್ನೂ ಕಿತ್ತಿಡಿ. ಸಿಡಿಲು ಅದರಲ್ಲೂ ಬರುತ್ತದೆ.

ಫೈಲ್‌ನಲ್ಲಿ ಪೌಂಡ್ ಚಿಹ್ನೆ ಕಂಡದ್ದಕ್ಕೆ ಹೆದರಬೇಡಿ, ಫೈಲ್ ಹಾಳಾಗಿಲ್ಲ. ಅದರ ವಿಷಯ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇಲ್ಲಿದ್ದಾರೆ.

ಅಚ್ಚುಮೊಳೆ (ಉಡುಪಿ)

ನಾನು ಇದ್ದೇನೆ. 22 ವರ್ಷ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ ಕೆಲಸ) ಮಾಡಿದವಳು. ಅಪ್ಪಯ್ಯನಿಗೆ ಈಗಲೇ ಹೇಳಿ, ಒಂದಕ್ಷರವೂ ಹೋಗಿಲ್ಲ ಅಂತ.

ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಫೈಲ್ ಒಳಗೆ ಕನ್ನಡ ಇರುವುದಿಲ್ಲ. ಇಂಗ್ಲಿಷಿನ ಸಂಕೇತಗಳೇ ಇರುತ್ತವೆ, ಫಾಂಟು ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಗಿ ಕಳಚುತ್ತದೆ. ನೀವು ಕಂಡ ಪೌಂಡ್ ಚಿಹ್ನೆ ಅಂದರೆ ‘ನ’. ಆ ಅಂಗಡಿಯ ಕಂಪ್ಯೂಟರಿಗೆ ನುಡಿ ಹಾಕಿದ್ದರೆ ಪದ್ಯ ಅಲ್ಲೇ ಕಾಣುತ್ತಿತ್ತು.

ಆದರೂ ಹಾಗೇ ಬಿಡಬೇಡಿ, ಯುನಿಕೋಡಿಗೆ ತನ್ನಿ, ಅಂದರೆ ಕನ್ನಡಕ್ಕೆ ತನ್ನದೇ ಸಂಕೇತ ಇರುವ, ಎಲ್ಲ ಕಡೆ ನಡೆಯುವ ಪದ್ಧತಿಗೆ. ಆಗ ಯಾವ ಮೊಬೈಲಿನಲ್ಲೂ ಓದಬಹುದು, ಒಂದು ಪದ್ಯವನ್ನು ಹೆಸರು ಕೊಟ್ಟು ಹುಡುಕಬಹುದು. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಚೆ ಕೂರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅದು ತಪ್ಪಿದರೆ ಕರ್ಣ, ಅರ್ಜುನ ಇಬ್ಬರೂ ಕೆಡುತ್ತಾರೆ. ‘ಝ’ ಕೂಡ ನೋಡಿಕೊಳ್ಳಿ. ಹಳೆ ಫಾಂಟಿನಲ್ಲಿ ಅದು ಒಂದೇ ಅಚ್ಚಲ್ಲ, ‘ರ’ಕ್ಕೆ ಬೇರೆ ತುಂಡು ಜೋಡಿಸಿ ಮಾಡಿದ್ದು. ನನಗೆ ಒಮ್ಮೆ ಝಂಪೆ ತಾಳ ಇದ್ದಲ್ಲೆಲ್ಲ ಒಡೆದು ಬಂತು. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥ ಇಲ್ಲದ ಕನ್ನಡ ಆಗುತ್ತದೆ. ಆದ್ದರಿಂದ ಮೂಲ ಫೈಲ್ ಅಳಿಸಬೇಡಿ. ಪರಿವರ್ತಿಸಿದ ಪ್ರತಿಯನ್ನು ಅಪ್ಪಯ್ಯ ಒಮ್ಮೆ ಓದಲೇಬೇಕು, ಪದ್ಯದ ಲಯ ಗೊತ್ತಿದ್ದವರಿಗೆ ತಪ್ಪು ತಟ್ಟನೆ ಸಿಗುತ್ತದೆ.

ಬೆರಳಿನ ಅಭ್ಯಾಸದ ಚಿಂತೆ ಬೇಡ. ನುಡಿಯ ಕೀಲಿಮಣೆಗೆ ಆಧಾರ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸ. ಯುನಿಕೋಡಿನಲ್ಲೂ ಅದೇ ಬೆರಳು ನಡೆಯುತ್ತದೆ. ಮುಂದೆ ವಿಂಡೋಸ್ ಬಿಟ್ಟು ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆಗೆ ಹೋದರೂ ಅಲ್ಲಿ ಕಗಪ ಅನ್ನುವ ಹೆಸರಿನಲ್ಲಿ ಸಿಗುತ್ತದೆ.

ಸೀತಾನದಿ

ನಿಮ್ಮಿಬ್ಬರಿಗೂ ಹೇಗೆ ಧನ್ಯವಾದ ಹೇಳಲಿ. ನಿನ್ನೆ ರಾತ್ರಿ ಕೂತು ಕಾಪಿ ಮಾಡಿದೆ. 312 ಫೈಲಿನಲ್ಲಿ 309 ಬಂತು. ಮೂರು ಮಾತ್ರ ಅರ್ಧಕ್ಕೆ ನಿಂತು ‘ಓದಲು ಆಗುವುದಿಲ್ಲ’ ಅನ್ನುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ತೋರಿಸಿತು. ಆ ಸಾಲಿನ ಕೊನೆಯಲ್ಲಿ 38 ಅಂತ ಉಂಟು.

ನುಡಿಯ ವಿಷಯ ಓದಿ ಹೇಳಿದಾಗ ಅಪ್ಪಯ್ಯ, “ಪೌಂಡ್ ಅಂದ್ರೆ ನ ವಾ?” ಅಂತ ಎರಡು ಸಲ ಕೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮೇಜಿಗೆ ಬಂದರು. ಒಂದು ಫೈಲ್ ಪರಿವರ್ತಿಸಿ ಮೊಬೈಲಿನಲ್ಲಿ ಕೊಟ್ಟೆ. ಮೊದಲ ಪದ್ಯ ಮೆಲ್ಲಗೆ ಹಾಡಿ ನೋಡಿ, ನಾಲ್ಕನೇ ಸಾಲಿನಲ್ಲಿ ಅರ್ಕಾವತ್ತು ತಪ್ಪಿದ್ದನ್ನು ಹಿಡಿದರು.

ಬರದೇ ಇದ್ದ ಮೂರರಲ್ಲಿ ಎರಡು ಟಿಪ್ಪಣಿ, ಹೋದರೂ ಅವರು ಪುನಃ ಬರೆಯುತ್ತಾರೆ. ಒಂದು ಮಾತ್ರ ಗೆದ್ದಲು ತಿಂದ ಪುಸ್ತಕದ್ದು. ಅದು ಸಿಗಬಹುದಾ?

ಬಿಜೈ ರಿಪೇರಿ

ಆ ತಂತ್ರಾಂಶ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. 38 ಅಂದರೆ ಮೂರು ಹದಿನಾರು, ಮೇಲೆ ಎಂಟು, ನಮ್ಮ ಲೆಕ್ಕದಲ್ಲಿ 56. ಅಂದರೆ 56 ಕಡೆ ಓದಲು ತಡವರಿಸುತ್ತಿದೆ. ಇನ್ನು ಆ ಲ್ಯಾಪ್‌ಟಾಪ್ ಆನ್ ಮಾಡಬೇಡಿ. ಆ ಫೈಲ್ ತೆರೆಯಲು ಪುನಃ ಪುನಃ ಪ್ರಯತ್ನಿಸಬೇಡಿ, ಪ್ರತಿ ಸಲವೂ ಡಿಸ್ಕ್ ಸವೆಯುತ್ತದೆ.

ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಸಾಧನ ಉಂಟು. ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮರಳಿ ಬರುತ್ತದೆ. ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಆದರೆ ಡಿಸ್ಕ್ ಇನ್ನೂ ತಿರುಗುತ್ತಿದೆ, ಟಕ್ ಟಕ್ ಸದ್ದು ಇಲ್ಲ ಅಂದರೆ ಪ್ರಯತ್ನ ಮಾಡಬಹುದು. ಲ್ಯಾಪ್‌ಟಾಪ್ ಸಮೇತ ಬನ್ನಿ, ಎಸ್‌ಎಸ್‌ಡಿಯೂ ಅದೇ ದಿನ ಹಾಕಿಕೊಡುತ್ತೇನೆ. ಬಸ್ಸಿನಲ್ಲಿ ಬರುವುದಾದರೆ ಮೇಲಿನ ಕಂಬಿಯಲ್ಲಿ ಇಡಬೇಡಿ, ಬಟ್ಟೆ ಸುತ್ತಿ ತೊಡೆ ಮೇಲೆ ಇಟ್ಟುಕೊಳ್ಳಿ.

ಸೀತಾನದಿ

ಸದ್ದು ಇಲ್ಲ. ಶನಿವಾರ ಬೆಳಿಗ್ಗೆ ಬರುತ್ತೇವೆ. ಅಪ್ಪಯ್ಯನೂ ಬರುತ್ತಾರಂತೆ, ಲ್ಯಾಪ್‌ಟಾಪ್ ತಾನೇ ಹಿಡಿದುಕೊಳ್ಳುತ್ತೇನೆ ಅಂದಿದ್ದಾರೆ.